ಹುಲ್ಲು, ಮಣ್ಣು ಮತ್ತು ಹದ: ಬೀರೂರು ಪರಿಸರದ ಜನಪದ ಸಂಯೋಜಿತ ವಸ್ತುಗಳು ಹಾಗೂ ತರಗತಿಯ ಪ್ರಯೋಗಗಳು

ಪೀಠಿಕೆ

ಕನ್ನಡದಲ್ಲಿ ಜಾನಪದ ಅಧ್ಯಯನವು ಮೊದಲು ಒಲಿದುದು ಹಾಡಿಗೆ, ಕಥೆಗೆ, ಗಾದೆ-ಒಗಟುಗಳಿಗೆ. ಬಾಯಿಂದ ಬಾಯಿಗೆ ಸಾಗಿ ಬಂದ ನುಡಿಯು ಅಳಿಯುವ ಮುನ್ನ ಅದನ್ನು ಬರೆದಿಟ್ಟುಕೊಳ್ಳಬೇಕೆಂಬ ಕಾಳಜಿ ಸಹಜವಾದುದು. ಆದರೆ ಕೈಯಿಂದ ಕೈಗೆ ಸಾಗಿ ಬಂದ ಅರಿವು ಅದೇ ಪ್ರಮಾಣದಲ್ಲಿ ಬರಹಕ್ಕೆ ಇಳಿಯಲಿಲ್ಲ. ಅಮೆರಿಕದ ವಿದ್ವಾಂಸ ರಿಚರ್ಡ್ ಡಾರ್ಸನ್ 1972ರಲ್ಲಿ ಜಾನಪದವನ್ನು ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ ಮತ್ತು ಪ್ರದರ್ಶನ ಕಲೆ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿದರು. ನಮ್ಮಲ್ಲಿಯೂ ವಸ್ತುಗಳ ಸಂಗ್ರಹ ನಡೆಯಿತು. ನೇಗಿಲು, ಕಣಜ, ಮೊರ, ಬೀಸುವ ಕಲ್ಲುಗಳು ವಸ್ತು ಸಂಗ್ರಹಾಲಯಗಳನ್ನು ಸೇರಿದವು. ವಸ್ತು ಸಂಗ್ರಹವಾಯಿತು; ಅದನ್ನು ಮಾಡುವ ಬಗೆ ಬಹುಮಟ್ಟಿಗೆ ಹೊರಗೇ ಉಳಿಯಿತು.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಬಳಿಯಿರುವ ಮದಗದ ಕೆರೆ ಇದಕ್ಕೊಂದು ನಿದರ್ಶನ. ಈ ಕೆರೆಯೊಂದಿಗೆ ಜನರು ಬೆಸೆದು ಹೇಳುವ ಮಳೆಯ ಹಾಡನ್ನು ಅರಿಯದ ಕನ್ನಡಿಗರು ವಿರಳ. ಆದರೆ ಇಂಥ ಕೆರೆಗಳ ಏರಿಗೆ ಯಾವ ಮಣ್ಣನ್ನು ಎಲ್ಲಿಂದ ತಂದರು, ಅದರ ಹದವನ್ನು ಹೇಗೆ ಪರೀಕ್ಷಿಸಿದರು ಎಂಬ ತಿಳಿವಳಿಕೆಯು ಹಾಡಿನಷ್ಟು ಆಸ್ಥೆಯಿಂದ ದಾಖಲಾಗಿಲ್ಲ. ಹಾಡು ಬರಹದಲ್ಲಿ ಉಳಿಯಬಲ್ಲದು. ಹದವಾದರೋ ಮಾಡಿದ ಹೊರತು ಉಳಿಯದು. ಆ ಕಾರಣದಿಂದಲೇ ಶಾಲೆಯ ಮಾತು ಇಲ್ಲಿ ಮುಖ್ಯವಾಗುತ್ತದೆ. ಇಂದು ವಿಜ್ಞಾನ ಶಿಕ್ಷಣದಲ್ಲಿ ‘ಸಂಯೋಜಿತ ವಸ್ತು’ಗಳನ್ನು ಕೈಯಾರೆ ಮಾಡಿ ಕಲಿಯುವ ಚಟುವಟಿಕೆಗಳಿಗೆ ಪ್ರಾಶಸ್ತ್ಯ ದೊರೆಯುತ್ತಿದೆ. ಅಂಥ ಚಟುವಟಿಕೆಗಳಿಗೆ ಬೇಕಾದ ಸಾಮಗ್ರಿಯೂ ಪರಿಭಾಷೆಯೂ ಬೀರೂರಿನಂಥ ಊರಿನ ಸುತ್ತಲಿನ ಜನಪದ ತಂತ್ರಜ್ಞಾನದಲ್ಲಿ ಸಿದ್ಧವಾಗಿವೆ ಎಂಬುದನ್ನೂ, ಅವು ಶಾಲೆಯನ್ನು ಪ್ರವೇಶಿಸಿದರೆ ವಿಜ್ಞಾನಕ್ಕೂ ಜಾನಪದಕ್ಕೂ ಒಟ್ಟಿಗೇ ಲಾಭವೆಂಬುದನ್ನೂ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದ ಮತ್ತು ಪರಿಕಲ್ಪನೆ

ಎರಡು ಅಥವಾ ಹೆಚ್ಚು ವಸ್ತುಗಳು ತಮ್ಮ ಪ್ರತ್ಯೇಕ ಸ್ವರೂಪವನ್ನು ಕಳೆದುಕೊಳ್ಳದೆ ಒಂದಾಗಿ, ಬಿಡಿಯಾಗಿ ಯಾವುದರಲ್ಲಿಯೂ ಇಲ್ಲದ ಗುಣವನ್ನು ಪಡೆದಾಗ ಅದು ಸಂಯೋಜಿತ ವಸ್ತು ಎನಿಸುತ್ತದೆ. ಇದನ್ನು ‘ಸಂಯುಕ್ತ ವಸ್ತು’ ಎಂದು ಕರೆಯುವ ರೂಢಿಯೂ ಇದೆ. ಆದರೆ ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ‘ಸಂಯುಕ್ತ’ವೆಂಬುದು ರಾಸಾಯನಿಕವಾಗಿ ಕೂಡಿದ ವಸ್ತುವಿಗೆ ಮೀಸಲಾಗಿದೆ. ನೀರು ಸಂಯುಕ್ತ, ಅದರಲ್ಲಿ ಜಲಜನಕವನ್ನಾಗಲಿ ಆಮ್ಲಜನಕವನ್ನಾಗಲಿ ಕಣ್ಣಿನಿಂದ ಗುರುತಿಸಲಾಗದು. ಮಣ್ಣಿನ ಗೋಡೆಯಲ್ಲಿ ಹುಲ್ಲು ಹುಲ್ಲಾಗಿಯೇ ಮಣ್ಣು ಮಣ್ಣಾಗಿಯೇ ಕಾಣುತ್ತದೆ. ಆದುದರಿಂದ ವಿದ್ಯಾರ್ಥಿಗಳಲ್ಲಿ ಗೊಂದಲ ಉಂಟಾಗದಂತೆ ‘ಸಂಯೋಜಿತ ವಸ್ತು’ ಎಂಬ ಪದವನ್ನೇ ಬಳಸುವುದು ಯುಕ್ತ. ಇದನ್ನು ಕೇವಲ ‘ಮಿಶ್ರಣ’ ಎಂದರೂ ಸಾಲದು. ಮಿಶ್ರಣದಲ್ಲಿ ಬೆರೆತಿರುವುದಷ್ಟೇ ಮುಖ್ಯವಾದರೆ, ಸಂಯೋಜನೆಯಲ್ಲಿ ಒಂದು ಮತ್ತೊಂದರ ಹೊರೆಯನ್ನು ಹಂಚಿಕೊಳ್ಳುವುದು ಮುಖ್ಯ.

ಇಂಥ ವಸ್ತುವಿಗೆ ಮೂರು ಅಂಗಗಳಿವೆ. ಎಳೆತವನ್ನು ತಾಳುವ ನಾರು ಮೊದಲನೆಯದು. ನಾರನ್ನು ಹಿಡಿದು ಆಕಾರ ಕೊಡುವ ಬಂಧಕ ಎರಡನೆಯದು. ಇವೆರಡರ ನಡುವಿನ ಹಿಡಿತ ಮೂರನೆಯದು. ಮೊದಲ ಎರಡು ಕಣ್ಣಿಗೆ ಕಾಣುತ್ತವೆ, ಮೂರನೆಯದು ಕಾಣುವುದಿಲ್ಲ. ಜನಪದರು ‘ಹದ’ವೆಂದು ಕರೆಯುವ ಸಂಗತಿಯ ಬಹುಪಾಲು ಈ ಕಾಣದ ಮೂರನೆಯ ಅಂಗಕ್ಕೆ ಸಂಬಂಧಿಸಿದುದು.

ಬೀರೂರು ಪರಿಸರ

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿಗೆ ಸೇರಿದ ಬೀರೂರು 1899ರಲ್ಲಿ ಶಿವಮೊಗ್ಗದ ಕವಲು ಮಾರ್ಗ ಆರಂಭವಾದಂದಿನಿಂದ ರೈಲು ಜಂಕ್ಷನ್ ಎಂದು ಹೆಸರಾದ ಊರು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಇದು ನೆಲೆಸಿದೆ. ಪಶ್ಚಿಮಕ್ಕೆ ತರೀಕೆರೆಯ ಕಡೆ ಅಡಿಕೆ, ಬಿದಿರು, ಭತ್ತದ ಗದ್ದೆ. ಉತ್ತರಕ್ಕೆ ಅಜ್ಜಂಪುರದ ಕಡೆ ಎರೆಭೂಮಿ ಮತ್ತು ಅಮೃತಮಹಲ್ ದನಗಳ ಕಾವಲುಗಳು. ಕಡೂರಿನ ಸುತ್ತ ಕೆಂಪು ಮಣ್ಣು, ರಾಗಿ, ತೆಂಗು. ಹೀಗಾಗಿ ಕೆಲವೇ ಹರದಾರಿಗಳ ಅಂತರದಲ್ಲಿ ಎರಡು ಬಗೆಯ ಮಣ್ಣು, ನಾಲ್ಕಾರು ಬಗೆಯ ನಾರು ಮತ್ತು ಸಗಣಿ ದೊರೆಯುತ್ತವೆ. ಸಂಯೋಜಿತ ವಸ್ತುಗಳ ಪಾಠಕ್ಕೆ ಇದಕ್ಕಿಂತ ಅನುಕೂಲವಾದ ಪ್ರಯೋಗಶಾಲೆ ಬೇರೊಂದಿರಲಾರದು.

ಜನಪದ ನಿದರ್ಶನಗಳು

ಮಣ್ಣಿನ ಗೋಡೆ: ಮಣ್ಣನ್ನು ನೆನೆಸಿ, ಕತ್ತರಿಸಿದ ಹುಲ್ಲನ್ನೋ ಹೊಟ್ಟನ್ನೋ ಬೆರೆಸಿ, ತುಳಿದು, ಕೆಲವು ದಿನ ಕೊಳೆಹಾಕಿ, ಮತ್ತೆ ತುಳಿದು ಗೋಡೆ ಇಡುವುದು ಬಯಲುಸೀಮೆಯ ಹಳೆಯ ಕ್ರಮ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ. ಕುಗ್ಗುವಿಕೆ ಒಂದೆಡೆ ಕೂಡಿಬಂದರೆ ದೊಡ್ಡ ಬಿರುಕು ಬಾಯಿ ತೆರೆಯುತ್ತದೆ. ಹುಲ್ಲಿನ ಎಳೆಗಳು ಆ ಎಳೆತವನ್ನು ಎಲ್ಲೆಡೆ ಹಂಚುವುದರಿಂದ ಒಂದು ದೊಡ್ಡ ಬಿರುಕಿನ ಬದಲು ಕೂದಲೆಳೆಯಂಥ ಹಲವು ಬಿರುಕುಗಳಾಗಿ ಗೋಡೆ ಉಳಿದುಕೊಳ್ಳುತ್ತದೆ. ಕೊಳೆಹಾಕುವುದೂ ನಿರರ್ಥಕ ರೂಢಿಯಲ್ಲ. ಆ ದಿನಗಳಲ್ಲಿ ಜೇಡಿಯ ಕಣಕಣವೂ ನೀರುಂಡು, ಹುಲ್ಲು ಮೆತ್ತಗಾಗಿ, ಅದರಿಂದ ಅಂಟಂಟಾದ ದ್ರವ್ಯ ಹೊರಬಿದ್ದು ಹಿಡಿತ ಬಲಗೊಳ್ಳುತ್ತದೆ. ಎರೆಮಣ್ಣನ್ನು ಗೋಡೆಗೆ ಒಲ್ಲೆನೆನ್ನುವ ಅನುಭವಿಯ ಮಾತಿಗೂ ಕಾರಣವಿದೆ. ಅದರ ಜೇಡಿಯು ನೀರುಂಡಾಗ ಬಹಳ ಉಬ್ಬಿ, ಒಣಗಿದಾಗ ಬಹಳ ಕುಗ್ಗುತ್ತದೆ.

ತಡಿಕೆ ಮತ್ತು ಕಣಜ: ಬಿದಿರ ದಬ್ಬೆಗಳನ್ನು ಹೆಣೆದ ತಡಿಕೆಗೆ ಮಣ್ಣು ಮೆತ್ತಿದರೆ ಗೋಡೆ, ಬಿದಿರಿನ ಕಣಜಕ್ಕೆ ಸಗಣಿ ಬಳಿದರೆ ಧಾನ್ಯದ ಉಗ್ರಾಣ. ಹೆಣಿಗೆ ಬಲವನ್ನು ಕೊಡುತ್ತದೆ, ಲೇಪ ಸಂದು ಮುಚ್ಚುತ್ತದೆ. ಸಗಣಿಯಲ್ಲಿ ದನ ಅರಗಿಸಿಕೊಳ್ಳದೆ ಬಿಟ್ಟ ಸೂಕ್ಷ್ಮ ನಾರುಗಳಿರುತ್ತವೆ. ಆದುದರಿಂದ ಲೇಪ ತಾನೇ ಒಂದು ಸಂಯೋಜಿತ ವಸ್ತು. ಬಿದಿರೂ ಅಂಥದ್ದೇ. ಅದರ ನಾರು ಹೊರಮೈಯ ಕಡೆ ಒತ್ತಾಗಿಯೂ ಒಳಮೈಯ ಕಡೆ ವಿರಳವಾಗಿಯೂ ಇರುತ್ತದೆ.

ಕಂಬಳಿ ಮತ್ತು ಕಾಗದದ ಬುಟ್ಟಿ: ಕುರುಬ ನೇಕಾರರು ಉಣ್ಣೆಯ ನೂಲಿಗೆ ಹುಣಸೆ ಬೀಜದ ಸರಿಯನ್ನು ಉಣಿಸುತ್ತಾರೆ. ಇದರಿಂದ ನೂಲು ಬಿಗಿಯಾಗುತ್ತದೆ, ಕಂಬಳಿಗೆ ಅದರ ಗಡಸುತನ ಬರುತ್ತದೆ. ಹಳೆಯ ಕಾಗದವನ್ನು ನೆನೆಸಿ ಮೆಂತ್ಯದೊಡನೆ ರುಬ್ಬಿ, ಪಾತ್ರೆಯ ಬೆನ್ನಿಗೆ ಮೆತ್ತಿ ಒಣಗಿಸಿ ತೆಗೆದ ಬುಟ್ಟಿಗಳನ್ನು ಮನೆಯ ಹೆಂಗಸರು ಕಾಳುಕಡ್ಡಿ ತುಂಬಲು ಬಳಸುತ್ತಿದ್ದರು. ಇಲ್ಲಿ ಕಾಗದದ ನಾರು, ಮೆಂತ್ಯದ ಲೋಳೆಯ ಬಂಧಕ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೋಣಿನಾರು, ಮರದ ಹೊಟ್ಟು ಮತ್ತು ಹುಣಸೆ ಬೀಜದ ಸರಿಯನ್ನು ಕೂಡಿಸಿ ಮಾಡುವ ‘ಕಿಟ್ಟ’ವೂ ಇದೇ ಕುಲಕ್ಕೆ ಸೇರಿದುದು. ಒಂದೇ ತತ್ತ್ವವು ಗೋಡೆಯಾಗಿ, ಹೊದಿಕೆಯಾಗಿ, ಗೊಂಬೆಯಾಗಿ ನಾಡಿನುದ್ದಕ್ಕೂ ಹರಡಿರುವುದನ್ನು ಇಲ್ಲಿ ಗಮನಿಸಬಹುದು.

ತರಗತಿಯ ಚಟುವಟಿಕೆಗಳು

ಮೇಲಿನ ನಿದರ್ಶನಗಳನ್ನು ಹಿರಿಯ ಪ್ರಾಥಮಿಕ ಹಾಗೂ ಪ್ರೌಢಶಾಲೆಯ ತರಗತಿಗಳಿಗೆ ಒಗ್ಗುವ ಐದು ಚಟುವಟಿಕೆಗಳಾಗಿ ರೂಪಿಸಬಹುದು. ಪ್ರತಿಯೊಂದರಲ್ಲಿಯೂ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುದನ್ನು ಸಮನಾಗಿಡುವುದು ಅಗತ್ಯ.

1. ಕಾಗದ ಹರಿಯುವುದು: ದಿನಪತ್ರಿಕೆಯ ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹರಿಯಬೇಕು. ಒಂದು ದಿಕ್ಕಿನಲ್ಲಿ ನೇರವಾಗಿ ಹರಿಯುವ ಕಾಗದ ಇನ್ನೊಂದು ದಿಕ್ಕಿನಲ್ಲಿ ಅಂಕುಡೊಂಕಾಗುತ್ತದೆ. ಯಂತ್ರದಲ್ಲಿ ಕಾಗದ ಸಿದ್ಧವಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುವುದೇ ಕಾರಣ. ಅಡಿಕೆ ಹಾಳೆಯಿಂದ ಉದ್ದಕ್ಕೂ ಅಡ್ಡಕ್ಕೂ 2 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ ತೂಕ ತೂಗುಹಾಕಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ನಾರಿಗೆ ದಿಕ್ಕುಂಟೆಂಬುದು ಮೊದಲ ಪಾಠ.

2. ರಟ್ಟಿನ ಪಟ್ಟಿ: ಸಮನಾದ ಎರಡು ರಟ್ಟಿನ ಪಟ್ಟಿಗಳನ್ನು ಒಂದರ ಮೇಲೊಂದು ಬರಿದೇ ಇಟ್ಟು ಬಾಗಿಸಬೇಕು; ಇನ್ನೆರಡನ್ನು ಅಂಟಿನಿಂದ ಮೈತುಂಬ ಅಂಟಿಸಿ ಒಣಗಿಸಿ ಬಾಗಿಸಬೇಕು. ಬಿಡಿ ಪಟ್ಟಿಗಳು ಒಂದರ ಮೇಲೊಂದು ಜಾರುವುದರಿಂದ ಒಂದು ಪಟ್ಟಿಯ 2 ಪಟ್ಟು ಬಿಗಿಯನ್ನಷ್ಟೇ ಕೊಡುತ್ತವೆ. ಜಾರದಂತೆ ಅಂಟಿದ ಪಟ್ಟಿಗಳ ಬಿಗಿಯು ಲೆಕ್ಕದಂತೆ 8 ಪಟ್ಟಾಗುತ್ತದೆ. ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂಬ ಗಾದೆಗೆ ಇಲ್ಲಿ ಒಂದು ತಿದ್ದುಪಡಿ ದೊರೆಯುತ್ತದೆ: ಜೊತೆಗಿದ್ದರಷ್ಟೇ ಸಾಲದು, ಹಿಡಿತವಿರಬೇಕು.

3. ನಾರು ಎಳೆಯುವುದು: ಸಮ ದಪ್ಪದ ತೆಂಗಿನ ನಾರಿನ ಎರಡು ಹುರಿಗಳಲ್ಲಿ ಒಂದಕ್ಕೆ ಎಣ್ಣೆ ಸವರಬೇಕು. ಎರಡನ್ನೂ ಮಣ್ಣಿನ ಮುದ್ದೆಗಳಲ್ಲಿ 5 ಸೆಂ.ಮೀ. ಆಳಕ್ಕೆ ಹುದುಗಿಸಿ ಒಣಗಿಸಬೇಕು. ಅನಂತರ ತೂಕ ಕಟ್ಟಿ ಎಳೆದರೆ ಎಣ್ಣೆ ಸವರಿದುದು ಸುಲಭವಾಗಿ ಜಾರಿ ಬರುತ್ತದೆ. ಮಣ್ಣು ಅದೇ, ನಾರು ಅದೇ, ಕೆಟ್ಟದ್ದು ಹಿಡಿತ ಮಾತ್ರ. ಕಣ್ಣಿಗೆ ಕಾಣದ ಮೂರನೆಯ ಅಂಗವನ್ನು ಕೈಗೆ ತಿಳಿಯುವಂತೆ ಮಾಡುವ ಪ್ರಯೋಗವಿದು.

4. ಕುಗ್ಗುವಿಕೆ: 30 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ಮರದ ಅಚ್ಚುಗಳಲ್ಲಿ ಕಡೂರಿನ ಕೆಂಪು ಮಣ್ಣು, ಅಜ್ಜಂಪುರದ ಎರೆಮಣ್ಣು ಮತ್ತು ಹುಲ್ಲು ಬೆರೆಸಿದ ಎರೆಮಣ್ಣನ್ನು ತುಂಬಿ ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಉದ್ದವನ್ನು ಅಳೆಯಬೇಕು. 30 ಸೆಂ.ಮೀ. ಇದ್ದುದು 28.5 ಸೆಂ.ಮೀ. ಆದರೆ ಕುಗ್ಗಿದ್ದು ಶೇ. 5. ಬಿರುಕುಗಳ ಸಂಖ್ಯೆ ಮತ್ತು ಅಗಲವನ್ನೂ ಗುರುತುಹಾಕಿಕೊಳ್ಳಬೇಕು. ‘ಎರೆಮಣ್ಣು ಗೋಡೆಗೆ ಬಾರದು’ ಎಂಬ ಹಿರಿಯರ ಮಾತು ಇಲ್ಲಿ ಅಂಕಿಯಾಗಿ ಕಾಣಿಸಿಕೊಳ್ಳುತ್ತದೆ.

5. ಮಣ್ಣಿನ ತೊಲೆ: ಇದೇ ಅಚ್ಚಿನಲ್ಲಿ ಪ್ರತಿ ಕಿಲೋಗ್ರಾಂ ಒಣಮಣ್ಣಿಗೆ ಕತ್ತರಿಸಿದ ಹುಲ್ಲನ್ನು 0, 5, 10, 20 ಮತ್ತು 40 ಗ್ರಾಂನಂತೆ ಬೆರೆಸಿ, ಪ್ರತಿ ಪ್ರಮಾಣಕ್ಕೆ ಮೂರು ತೊಲೆಗಳಂತೆ 15 ತೊಲೆಗಳನ್ನು ಮಾಡಬೇಕು. ಎರಡು ವಾರ ಒಣಗಿದ ಬಳಿಕ 24 ಸೆಂ.ಮೀ. ಅಂತರದ ಎರಡು ಆಧಾರಗಳ ಮೇಲೆ ತೊಲೆಯನ್ನಿಟ್ಟು, ನಡುವಿಗೆ ಬಕೆಟ್ ತೂಗುಹಾಕಿ, ಅಳತೆಯ ಲೋಟದಿಂದ ನೀರು ಸುರಿಯಬೇಕು. 1 ಲೀಟರ್ ನೀರು 1 ಕಿಲೋಗ್ರಾಂ ತೂಗುವುದರಿಂದ ತಕ್ಕಡಿಯ ಅಗತ್ಯವಿಲ್ಲ. ಬರಿಯ ಬಕೆಟ್ಟಿನ ತೂಕವನ್ನು ಕೂಡಿಸಿಕೊಂಡರಾಯಿತು. ಬರಿ ಮಣ್ಣಿನ ತೊಲೆ ಮುನ್ಸೂಚನೆಯಿಲ್ಲದೆ ತಟ್ಟನೆ ಎರಡಾಗುತ್ತದೆ. ಹುಲ್ಲಿನ ತೊಲೆ ಬಿರುಕು ಬಿಟ್ಟ ಮೇಲೂ ನಾರಿನ ಆಸರೆಯಿಂದ ಜೋತುಬಿದ್ದು ಸ್ವಲ್ಪ ಕಾಲ ನಿಲ್ಲುತ್ತದೆ. ಮುರಿಯುವ ಹೊರೆಯು ಎಲ್ಲ ಸಂದರ್ಭಗಳಲ್ಲಿಯೂ ಹೆಚ್ಚಾಗಲೇಬೇಕೆಂದಿಲ್ಲ. ಹುಲ್ಲು ಅತಿಯಾದರೆ ಮಣ್ಣಿನ ಹಿಡಿತ ತಪ್ಪಿ ತೊಲೆ ದುರ್ಬಲವಾಗುವುದೂ ಉಂಟು. ಗಟ್ಟಿತನ ಬೇರೆ, ತಾಳಿಕೆ ಬೇರೆ ಎಂಬ ಸೂಕ್ಷ್ಮವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬೇಕಾದುದು ಇಲ್ಲಿಯೇ.

ಹದದಿಂದ ಅಳತೆಗೆ

ಈ ಚಟುವಟಿಕೆಗಳಿಗೆ ಪೂರ್ವಭಾವಿಯಾಗಿ ಊರಿನ ಅನುಭವಿಯೊಬ್ಬರನ್ನು ತರಗತಿಗೆ ಕರೆತರುವುದು ಅತ್ಯವಶ್ಯ. ಅವರು ಮಣ್ಣಿನ ಉಂಡೆ ಕಟ್ಟಿ ಎದೆಯೆತ್ತರದಿಂದ ನೆಲಕ್ಕೆ ಬಿಟ್ಟು ನೋಡುತ್ತಾರೆ. ಉಂಡೆ ಚೂರುಚೂರಾದರೆ ನೀರು ಸಾಲದು. ರೊಟ್ಟಿಯಂತೆ ಚಪ್ಪಟೆಯಾದರೆ ನೀರು ಹೆಚ್ಚು. ಕೆಲವೇ ತುಂಡುಗಳಾದರೆ ಹದ. ಇದು ಇಂದು ಮಣ್ಣಿನ ಕಟ್ಟಡಗಳ ಎಂಜಿನಿಯರರೂ ಕ್ಷೇತ್ರದಲ್ಲಿ ಬಳಸುವ ಪರೀಕ್ಷೆ. ಅನುಭವಿ ಹದವೆಂದ ಮಣ್ಣನ್ನು ತೂಗಿ, ಒಣಗಿಸಿ, ಮತ್ತೆ ತೂಗಿದರೆ ಅದರಲ್ಲಿದ್ದ ನೀರಿನ ಪ್ರಮಾಣ ತಿಳಿಯುತ್ತದೆ. ಹೀಗೆ ‘ಹದ’ವೆಂಬ ಒಂದು ಮಾತು ಅಳತೆಯಾಗಿ ಬರಹಕ್ಕೆ ಇಳಿಯುತ್ತದೆ. ಅಳತೆಯು ಹದವನ್ನು ಅಲ್ಲಗಳೆಯುವುದಿಲ್ಲ. ಇನ್ನೊಬ್ಬರಿಗೆ ದಾಟಿಸಬಲ್ಲ ರೂಪವನ್ನು ಅದಕ್ಕೆ ಕೊಡುತ್ತದೆ.

ವಿದ್ಯಾರ್ಥಿಗಳ ದಾಖಲೆ ಪುಸ್ತಕದಲ್ಲಿ ಮಣ್ಣು ತಂದ ಜಾಗ, ತಿಂಗಳು, ನೀರಿನ ಅಳತೆ, ನಾರಿನ ಬಗೆ, ಕೊಳೆಹಾಕಿದ ದಿನಗಳು, ಪರೀಕ್ಷಿಸಿದ ಕ್ರಮ ಹಾಗೂ ಪ್ರತಿ ಹಂತಕ್ಕೂ ಊರಿನಲ್ಲಿ ಬಳಕೆಯಿರುವ ಪದ ಇವಿಷ್ಟೂ ಇರಬೇಕು. ಇಂಥ ಪುಸ್ತಕದ ಒಂದು ಪ್ರತಿ ಶಾಲಾ ಗ್ರಂಥಾಲಯದಲ್ಲಿಯೂ ಇನ್ನೊಂದು ಜಾನಪದ ಸಂಶೋಧನ ಸಂಸ್ಥೆಯಲ್ಲಿಯೂ ಉಳಿದರೆ ಕ್ಷೇತ್ರಕಾರ್ಯಕ್ಕೆ ದೊಡ್ಡ ನೆರವಾಗುತ್ತದೆ. ಸಂಶೋಧಕನೊಬ್ಬ ಒಂದು ಬೇಸಿಗೆಯಲ್ಲಿ ನೋಡಲಾಗುವುದು ನಾಲ್ಕಾರು ಊರುಗಳನ್ನು. ಒಂದು ತಾಲ್ಲೂಕಿನ ಶಾಲೆಗಳು ಕೂಡಿದರೆ ಪ್ರತಿ ಊರಿನ ಮಣ್ಣಿನ ವಿವರವೂ ದೊರೆಯುತ್ತದೆ.

ಗೋಡೆಯಿಂದ ವಿಮಾನದವರೆಗೆ

ಮಣ್ಣಿನ ತೊಲೆಯಲ್ಲಿ ಕಂಡ ತತ್ತ್ವವೇ ಆಧುನಿಕ ನಿರ್ಮಾಣದಲ್ಲಿಯೂ ಇದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅದರ ಸುಮಾರು ಹತ್ತನೆಯ ಒಂದು ಪಾಲಿನಷ್ಟೇ ತಾಳುತ್ತದೆ. ಉಕ್ಕಿನ ಸರಳು ಆ ಕೊರತೆಯನ್ನು ತುಂಬುತ್ತದೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಅವುಗಳ ಹಿಡಿತ ಕೆಡುವುದಿಲ್ಲ. ಬೀರೂರಿನ ವಿದ್ಯಾರ್ಥಿಗಳಿಗೆ ಇದರ ನಿದರ್ಶನ ರೈಲು ಹಳಿಯ ಕೆಳಗೇ ಇದೆ. ಹಿಂದಿನ ಮರದ ದಿಮ್ಮಿಗಳ ಸ್ಥಾನದಲ್ಲಿ ಬಂದಿರುವ ಕಾಂಕ್ರೀಟ್ ಸ್ಲೀಪರುಗಳ ಒಳಗೆ, ಮೊದಲೇ ಎಳೆದು ಬಿಗಿಗೊಳಿಸಿದ ಉಕ್ಕಿನ ತಂತಿಗಳಿವೆ. ತಂತಿಯು ಕುಗ್ಗಲು ಯತ್ನಿಸುತ್ತ ಕಾಂಕ್ರೀಟನ್ನು ಸದಾ ಅದುಮಿ ಹಿಡಿಯುತ್ತದೆ. ರೈಲಿನ ಭಾರ ಬಿದ್ದಾಗ ಬಿರುಕು ಬಾಯಿ ತೆರೆಯಲು ಆಸ್ಪದವಾಗುವುದಿಲ್ಲ.

ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ಹಗುರ ಯುದ್ಧ ವಿಮಾನವು 2003ರಲ್ಲಿ ‘ತೇಜಸ್’ ಎಂಬ ಹೆಸರು ಪಡೆಯಿತು. ಇದರ ಒಡಲಿನ ತೂಕದಲ್ಲಿ ಶೇ. 45ರಷ್ಟು ಸಂಯೋಜಿತ ವಸ್ತು. ಅಲ್ಲಿ ಹುಲ್ಲಿನ ಬದಲು ಇಂಗಾಲದ ನಾರು, ಮಣ್ಣಿನ ಬದಲು ರಾಳ. ನಾರಿನ ದಿಕ್ಕು, ಬಂಧಕದ ಪ್ರಮಾಣ, ಎರಡರ ನಡುವಿನ ಹಿಡಿತ ಎಂಬ ಮೂರು ಪ್ರಶ್ನೆಗಳು ಮಾತ್ರ ಅವೇ. ಇನ್ನೊಂದು ದಿಕ್ಕಿನಿಂದ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿ, ಮಣ್ಣು ಹಳತಾದ ವಸ್ತುವಲ್ಲವೆಂದು ತೋರಿಸಿಕೊಟ್ಟಿತು.

ಎಚ್ಚರಿಕೆಗಳು

ಜನಪದ ತಂತ್ರಜ್ಞಾನವನ್ನು ಶಾಲೆಗೆ ತರುವಾಗ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಆರೋಗ್ಯಕ್ಕೆ ಸಂಬಂಧಿಸಿದುದು. ಗಾಯವಿರುವ ಕೈಯಿಂದ ಮಣ್ಣು, ಸಗಣಿಗಳನ್ನು ಮುಟ್ಟಬಾರದು. ಸುಣ್ಣ, ಗಾಜಿನ ನಾರು ಮತ್ತು ರಾಳಗಳು ಮಕ್ಕಳ ಕೈಗೆ ತಕ್ಕುದಲ್ಲ. ಎರಡನೆಯದು ವೈಭವೀಕರಣ. ನೀರು ತಗುಲಿದರೆ ಮಣ್ಣಿನ ಗೋಡೆ ಕುಸಿಯುತ್ತದೆ; ಬುಡಕ್ಕೆ ಕಲ್ಲಿನ ತಳಪಾಯವೂ ಮೇಲೆ ಚಾಚಿದ ಸೂರೂ ಇಲ್ಲದೆ ಅದು ಮಳೆಗಾಲವನ್ನು ತಾಳಲಾರದು. ಜನರು ಸಿಮೆಂಟನ್ನು ಆರಿಸಿಕೊಂಡುದು ಅಜ್ಞಾನದಿಂದಲ್ಲ. ವರ್ಷವರ್ಷವೂ ಸಾರಿಸಿ ಮೆತ್ತುವ ದುಡಿಮೆಯಿಂದ ಬಿಡುಗಡೆ ಬಯಸಿ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಮಣ್ಣು ತುಳಿಯುವ, ಸಗಣಿ ಸಾರಿಸುವ, ಬಿದಿರು ಸೀಳುವ ಕೆಲಸಗಳು ನಮ್ಮ ಸಮಾಜದಲ್ಲಿ ಜಾತಿ ಮತ್ತು ಲಿಂಗಗಳಿಗೆ ಕಟ್ಟುಬಿದ್ದಿದ್ದವು. ತರಗತಿಯಲ್ಲಿ ಸಾರಿಸುವುದು ಹುಡುಗಿಯರ ಪಾಲಿಗೂ ಅಳೆದು ಬರೆಯುವುದು ಹುಡುಗರ ಪಾಲಿಗೂ ಬಂದರೆ, ಅಥವಾ ಮೇದಾರ ಕುಟುಂಬದ ಮಗುವನ್ನೇ ಹುಡುಕಿ ಬುಟ್ಟಿ ಹೆಣೆಯಲು ಹೇಳಿದರೆ, ಪಾಠವು ವಿಜ್ಞಾನದ್ದಾಗದೆ ಹಳೆಯ ಕಟ್ಟುಪಾಡಿನದಾಗುತ್ತದೆ. ಎಲ್ಲ ಮಕ್ಕಳೂ ಎಲ್ಲ ಕೆಲಸವನ್ನೂ ಸರದಿಯಂತೆ ಮಾಡಬೇಕು. ಕುಶಲಿಗಳು ಪ್ರದರ್ಶನದ ವಸ್ತುವಾಗಿ ಅಲ್ಲ, ಅಧ್ಯಾಪಕರಾಗಿ ಬರಬೇಕು. ಅವರ ಹೆಸರು ದಾಖಲೆಯಲ್ಲಿಯೂ ಗೌರವಧನ ಅವರ ಕೈಯಲ್ಲಿಯೂ ಇರಬೇಕು.

ಉಪಸಂಹಾರ

ಕೈಕೆಲಸದ ಮೂಲಕ ಶಿಕ್ಷಣವೆಂಬುದು ನಮ್ಮಲ್ಲಿ ಹೊಸ ಮಾತಲ್ಲ. 1937ರ ವಾರ್ಧಾ ಸಮ್ಮೇಳನವು ಅದನ್ನು ಮೂಲಶಿಕ್ಷಣದ ತಳಹದಿಯಾಗಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಅರಿವನ್ನು ಹೊರಗಿನ ಬದುಕಿಗೆ ಬೆಸೆಯಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಿಗಳ ಬಳಿ ಕಲಿಯುವ ಅವಧಿಯನ್ನು ಸೂಚಿಸಿತು. ನೀತಿಗಳು ಬದಲಾಗಬಹುದು, ಅವುಗಳ ಹಿಂದಿನ ಅಗತ್ಯ ಬದಲಾಗಿಲ್ಲ. ಕೊರತೆಯಿರುವುದು ಆ ದಿನಗಳಲ್ಲಿ ಏನನ್ನು, ಯಾರಿಂದ, ಯಾವ ಕ್ರಮದಲ್ಲಿ ಕಲಿಸಬೇಕೆಂಬ ಸಿದ್ಧತೆಯಲ್ಲಿ. ಆ ಸಿದ್ಧತೆಯನ್ನು ವಿಜ್ಞಾನ ಅಧ್ಯಾಪಕರೊಬ್ಬರೇ ಮಾಡಲಾರರು, ಜಾನಪದ ಸಂಶೋಧಕರೊಬ್ಬರೇ ಮಾಡಲಾರರು.

ಬೀರೂರಿನ ಸುತ್ತಲಿನ ಊರುಗಳಲ್ಲಿ ಮಣ್ಣಿನ ಗೋಡೆಗಳು ಕಡಿಮೆಯಾದಂತೆ, ಗೋಡೆಯಿಟ್ಟ ಕೈಗಳೂ ಕಡಿಮೆಯಾಗುತ್ತಿವೆ. ಹಳೆಯ ಗೋಡೆಯೊಂದನ್ನು ವಸ್ತು ಸಂಗ್ರಹಾಲಯಕ್ಕೆ ಸಾಗಿಸಬಹುದು. ಅದರ ಹದವನ್ನು ಸಾಗಿಸಲಾಗದು. ಅದು ಉಳಿಯಬೇಕಾದರೆ ಇನ್ನೊಂದು ಕೈ ಮಣ್ಣನ್ನು ಕಲಸಬೇಕು, ಮುರಿದು ನೋಡಬೇಕು, ಏಕೆ ಮುರಿಯಿತೆಂದು ಕೇಳಬೇಕು, ಕಂಡುದನ್ನು ಬರೆದಿಡಬೇಕು. ಕೈಯ ಅರಿವನ್ನು ಮುಂದಿನ ತಲೆಮಾರಿಗೆ ದಾಟಿಸುವ ಈ ಕೆಲಸಕ್ಕೆ ಶಾಲೆಯ ಅಂಗಳ ತಕ್ಕ ಎಡೆ.